ನಮ್ಮ ಹುಡುಗ್ರು ಇದಾರೆ ಸಾರ್!

ಚಿಕ್ಕಮಗಳೂರು ಜಿಲ್ಲೆಯಲ್ಲಿ ಗಾಲಿಕುರ್ಚಿಯವರಿಗೆ ಸಿಗುವ ಅತಿ ದೊಡ್ಡ ಸೌಲಭ್ಯದ ಹೆಸರು ‘ನಮ್ಮ ಹುಡುಗ್ರು’. ಲಿಫ್ಟ್ ಇಲ್ಲದ ಲಾಡ್ಜು, ಇಳಿಜಾರಿಲ್ಲದ ಕಲ್ಯಾಣ ಮಂಟಪ, ಮೆಟ್ಟಿಲನ್ನೇ ಮೈತುಂಬ ಹೊದ್ದ ದೇವಸ್ಥಾನ, ಎಲ್ಲಿ ವಿಚಾರಿಸಿದರೂ ಉತ್ತರ ಒಂದೇ: ‘ನಮ್ಮ ಹುಡುಗ್ರು ಇದಾರೆ ಸಾರ್, ಎತ್ಕೊಂಡ್ ಬಿಡ್ತಾರೆ.’ ಈ ಸೌಲಭ್ಯಕ್ಕೆ ಟೆಂಡರ್ ಬೇಡ, ಸಿಮೆಂಟ್ ಬೇಡ, ಉದ್ಘಾಟನೆಗೆ ಶಾಸಕರೂ ಬೇಡ. ಬೇಕಾದದ್ದು ನಾಲ್ಕು ಜೊತೆ ರಟ್ಟೆ, ಮತ್ತೆ ಎತ್ತಿಸಿಕೊಳ್ಳುವವನಿಗೆ ನಾಚಿಕೆ ಇಲ್ಲದಿರುವುದು. ಮೊದಲನೆಯದು ಮಲೆನಾಡಿನಲ್ಲಿ ಧಾರಾಳವಾಗಿದೆ. ಎರಡನೆಯದನ್ನು ನಾನು ಇಷ್ಟು ವರ್ಷವಾದರೂ ರೂಢಿಸಿಕೊಂಡಿಲ್ಲ. ಜಿಲ್ಲೆಯ ಪ್ರವಾಸೋದ್ಯಮಕ್ಕೆ ಉಳಿದಿರುವ ಅಡಚಣೆ ಅದೊಂದೇ.

ಅಮೆರಿಕದಲ್ಲಿರುವ ಅಕ್ಕನ ಮಗ ಈಚೆಗೆ ಫೋನ್ ಮಾಡಿದ. ‘ಮಾವ, ಈ ಸಲ ಇಲ್ಲಿಗೆ ಬನ್ನಿ, ಕ್ರೂಸ್‌ಗೆ ಹೋಗೋಣ’ ಎಂದ. ಕ್ರೂಸ್ ಹಡಗೆಂದರೆ ಸಣ್ಣಪುಟ್ಟದ್ದಲ್ಲ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ‘ಐಕನ್ ಆಫ್ ದ ಸೀಸ್’ ಎಂಬ ಹಡಗಿನ ಉದ್ದ 365 ಮೀಟರ್, ಅಂತಸ್ತು ಇಪ್ಪತ್ತು, ತುಂಬಿದರೆ ಏಳು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರು. ‘ಅಷ್ಟು ಜನರ ಮಧ್ಯೆ ನನ್ನ ಕುರ್ಚಿ ಎಲ್ಲಿ ತೂರಿಸ್ತೀಯ ಮಾರಾಯ?’ ಎಂದೆ. ಅವನು ಮಾತು ಬೆಳೆಸದೆ ಒಂದು ಅರ್ಜಿ ಕಳಿಸಿದ.

ಆ ಅರ್ಜಿ ಓದಿ ನನಗೆ ಅವಮಾನವೇ ಆಯಿತು. ಕುರ್ಚಿಯ ಅಗಲ ಎಷ್ಟು, ಮಡಚಿದರೆ ಎಷ್ಟು, ತೂಕ ಎಷ್ಟು, ಬ್ಯಾಟರಿ ಇದ್ದರೆ ಯಾವ ಜಾತಿಯದು, ಕುರ್ಚಿಯಿಂದ ಮಂಚಕ್ಕೆ ನೀವೇ ಹೋಗುತ್ತೀರಾ, ಸ್ನಾನಕ್ಕೆ ಸ್ಟೂಲ್ ಬೇಕಾ, ಅಪಾಯದ ಗಂಟೆ ಹೊಡೆದರೆ ಜೊತೆಗೆ ಯಾರಿರುತ್ತಾರೆ. ಬರೀ ಇಂಥವೇ. ‘ಏನಾಯ್ತು ನಿಮಗೆ?’ ಎಂಬ ಒಂದೇ ಒಂದು ಪ್ರಶ್ನೆ ಇಲ್ಲ! ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಾದರೆ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಯಾರಾದರೂ ಅದನ್ನು ಕೇಳಿ, ಇನ್ಯಾರೋ ‘ಛೆ ಛೆ’ ಎಂದು ಲೊಚಗುಟ್ಟಿ, ಮತ್ತೊಬ್ಬರು ಕೇರಳದ ಎಣ್ಣೆ ವೈದ್ಯರ ನಂಬರನ್ನೇ ಬರೆದು ಕೊಟ್ಟಿರುತ್ತಾರೆ. ಬ್ಯಾಟರಿಯ ಜಾತಿ ಕೇಳಿ ಮನುಷ್ಯನ ಸಂಕಟ ಕೇಳದ ಈ ಅರ್ಜಿ ಎಂಥ ಅರ್ಜಿ!

ಅದಕ್ಕಿಂತ ವಿಚಿತ್ರ ಕೊನೆಯ ಪುಟದಲ್ಲಿತ್ತು. ಕೆಲವು ಊರುಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದು, ಕಡಲಲ್ಲೇ ಲಂಗರು ಹಾಕುತ್ತದೆ, ಅಲ್ಲಿಂದ ಸಣ್ಣ ದೋಣಿಯಲ್ಲಿ ದಡ ಸೇರಬೇಕು, ಅಲೆ ಜೋರಿದ್ದರೆ ಗಾಲಿಕುರ್ಚಿಯವರನ್ನು ದೋಣಿಗೆ ಇಳಿಸುವುದಿಲ್ಲ, ಆ ದಿನ ನೀವು ಹಡಗಲ್ಲೇ ಇರಬೇಕಾಗಬಹುದು. ಹೀಗೆ ದುಡ್ಡು ಕಟ್ಟುವ ಮೊದಲೇ ಬರೆದು ಹೇಳಿದ್ದರು. ವ್ಯಾಪಾರಕ್ಕೆ ಕೂತವನು ‘ಇದು ಆಗುವುದಿಲ್ಲ’ ಎಂದು ತಾನಾಗಿ ಹೇಳುವುದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ನಮ್ಮಲ್ಲಿ ಮನೆಗೆ ಬಂದವರಿಗೆ ಇಲ್ಲ ಎನ್ನುವುದು ಪಾಪ. ಬಂದ ಮೇಲೆ ಅಂಗಳದಲ್ಲಿ ಕೂರಿಸಿ ಕೈ ಹಿಸುಕಿಕೊಳ್ಳುವುದು ಪಾಪವಲ್ಲ.

ಹಡಗಿನವರು ನಮ್ಮವರಿಗಿಂತ ಹೃದಯವಂತರು ಎಂದು ತಪ್ಪು ತಿಳಿಯಬೇಡಿ. ಅಮೆರಿಕದಲ್ಲಿ ಅಂಗವಿಕಲರ ಕಾಯ್ದೆ ಬಂದದ್ದು 1990ರಲ್ಲಿ. ‘ನಮ್ಮ ಹಡಗಿನ ಬಾವುಟ ಬೇರೆ ದೇಶದ್ದು, ನಿಮ್ಮ ಕಾಯ್ದೆ ನಮಗೆ ತಾಗದು’ ಎಂಬುದು ಹಡಗು ಕಂಪನಿಯ ವಾದವಾಗಿತ್ತು. ಟೆಕ್ಸಾಸ್‌ನಿಂದ ಹಡಗು ಹತ್ತಿದ್ದ ಅಂಗವಿಕಲ ಪ್ರಯಾಣಿಕರು ನಾರ್ವೇಜಿಯನ್ ಕ್ರೂಸ್ ಲೈನ್ ಮೇಲೆ ದಾವೆ ಹೂಡಿದರು. ಅಲ್ಲಿನ ಸುಪ್ರೀಂ ಕೋರ್ಟು 2005ರ ಜೂನ್‌ನಲ್ಲಿ, ಬಾವುಟ ಯಾವುದಾದರೂ ಇರಲಿ, ನಮ್ಮ ನೀರಿನಲ್ಲಿರುವಾಗ ನಮ್ಮ ಕಾಯ್ದೆ ನಿಮಗೂ ಅನ್ವಯ ಎಂದಿತು. ಅಂದರೆ ಹಡಗಿನ ಬಾಗಿಲು ಅಗಲವಾದದ್ದು ಕರುಣೆಯಿಂದಲ್ಲ, ಖಟ್ಲೆಯಿಂದ. ಇದನ್ನು ಓದಿದ ಮೇಲೆ ನನ್ನ ಮಲೆನಾಡಿನ ರಕ್ತ ಕುದಿಯಿತು. ಕೋರ್ಟಿನ ಭಯಕ್ಕೆ ಬಾಗಿಲು ತೆರೆಯುವವರ ಜೊತೆ ತೇಲುವುದಕ್ಕಿಂತ ಪ್ರೀತಿಯಿಂದ ಎತ್ತಿಕೊಳ್ಳುವವರ ಜೊತೆ ಬೆಟ್ಟ ಹತ್ತುವುದು ಲೇಸು! ‘ಹಡಗು ಬೇಡ, ನೀನೇ ಊರಿಗೆ ಬಾ. ದೇವರಮನೆಗೆ ಹೋಗೋಣ’ ಎಂದೆ.

ದೇವರಮನೆ ಗೊತ್ತಿಲ್ಲದವರು ಈಗ ಕರ್ನಾಟಕದಲ್ಲಿ ಉಳಿದಿಲ್ಲ. ಮೂಡಿಗೆರೆಯಿಂದ ಗುತ್ತಿ ದಾಟಿ ಮೇಲೆ ಹೋದರೆ ಘಟ್ಟದ ಅಂಚು, ಹುಲ್ಲುಗುಡ್ಡ, ಕಣಿವೆಗಳಲ್ಲಿ ಶೋಲೆ ಕಾಡು, ಕಾಲಭೈರವೇಶ್ವರನ ಹಳೆಯ ಗುಡಿ, ಪಕ್ಕದಲ್ಲೊಂದು ಕೊಳ. ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಬೆಂಗಳೂರಿನ ಅರ್ಧ ಕಾರು ಅಲ್ಲಿರುತ್ತವೆ. ಅಲ್ಲಿಗೆ ಹೋಗಬೇಕೆಂದರೆ ಮೊದಲು ಉಳಿದುಕೊಳ್ಳಲು ಜಾಗ ಬೇಕಲ್ಲ? ಒಂದು ಹೋಮ್‌ಸ್ಟೇಗೆ ಫೋನ್ ಹಚ್ಚಿದೆ. ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಪಕ್ಕದ ಹೋಮ್‌ಸ್ಟೇಗೆ ಮಾಡಿದ್ದರೂ ಇದೇ ಮಾತುಕತೆ ಆಗುತ್ತಿತ್ತು.

‘ರೂಮಿಗೆ ಹೋಗೋಕೆ ಮೆಟ್ಟಿಲು ಇದೆಯಾ?’

‘ಮೆಟ್ಟಿಲೇ ಇಲ್ಲ ಸಾರ್. ಎಲ್ಲ ಗ್ರೌಂಡ್ ಫ್ಲೋರು.’

‘ಒಂದೂ ಇಲ್ವಾ?’

‘ಜಗಲಿಗೆ ಒಂದೆರಡು ಇದೆ. ಅದು ಮೆಟ್ಟಿಲು ಅಂತ ಅಲ್ಲ ಸಾರ್, ಸುಮ್ನೆ ಕಲ್ಲು.’

‘ಅದು ಬಿಟ್ರೆ?’

‘ಅದು ಬಿಟ್ರೆ ಊಟದ ಜಾಗಕ್ಕೆ ಇಳಿಯೋಕೆ ಐದಾರು. ಕ್ಯಾಂಪ್‌ಫೈರ್ ಹತ್ರ ಸ್ವಲ್ಪ. ಕಾರು ನಿಲ್ಸೋ ಕಡೆಯಿಂದ ಮನೆಗೆ ಹತ್ತೋದು ಒಂದು ಹದಿನೈದು ಇರಬಹುದು. ನಾವು ದಿನಾ ಓಡಾಡ್ತೀವಿ, ಎಣಿಸಿಲ್ಲ.’

‘ಬಾತ್‌ರೂಮಿನ ಬಾಗಿಲು ಎಷ್ಟಗಲ?’

‘ಬಾಗಿಲು ಫಸ್ಟ್‌ಕ್ಲಾಸ್ ಸಾರ್. ಬೀಟೆ ಮರದ್ದು. ಹಳೇ ಮನೆ ಬಿಚ್ಚಿದಾಗ ಸಿಕ್ಕಿದ್ದು.’

‘ಅಗಲ?’

‘ಒಬ್ರು ಆರಾಮಾಗಿ ಹೋಗಬಹುದು.’

‘ಕೂತ್ಕೊಂಡು?’

ಆ ಕಡೆ ಸ್ವಲ್ಪ ಹೊತ್ತು ಜೀರುಂಡೆ ಸದ್ದು ಮಾತ್ರ ಕೇಳಿಸಿತು. ಆಮೇಲೆ ದನಿಯಲ್ಲಿ ತಾಯಿಯ ಮಮತೆ ತುಂಬಿಕೊಂಡು ಉತ್ತರ ಬಂತು: ‘ನೀವು ಬನ್ನಿ ಸಾರ್. ಯೋಚನೆ ಮಾಡ್ಬೇಡಿ. ನಮ್ಮ ಹುಡುಗ್ರು ಇದಾರೆ.’

ಈ ಮನುಷ್ಯನಿಗೆ ಅಳತೆ ಗೊತ್ತಿಲ್ಲ ಎಂದುಕೊಂಡಿರಾದರೆ ನಿಮಗೆ ಕಾಫಿ ಸೀಮೆ ಗೊತ್ತಿಲ್ಲ. ಈ ಜಿಲ್ಲೆಯ ಬೆಳೆಗಾರನಷ್ಟು ಅಳೆಯುವ ಪ್ರಾಣಿ ಭೂಮಿಯ ಮೇಲೆ ಇನ್ನೊಂದಿಲ್ಲ. ಬೆಳಗ್ಗೆ ಎದ್ದವನೇ ಮಳೆಮಾಪಕದ ಹತ್ತಿರ ಹೋಗಿ, ಬಿದ್ದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುತ್ತಾನೆ. ಸೆಂಟೆಂದರೆ ಇಂಚಿನ ನೂರರಲ್ಲೊಂದು ಭಾಗ. ಆಮೇಲೆ ಅಕ್ಕಪಕ್ಕದ ತೋಟದವರಿಗೆ ಫೋನು. ‘ನಿಮ್ಮಲ್ಲೆಷ್ಟು ಬಂತು?’ ‘ಎಂಬತ್ತು ಸೆಂಟು.’ ‘ನಮ್ಮಲ್ಲಿ ಒಂದಿಂಚು ಹತ್ತು.’ ಹೂಮಳೆ ಯಾವ ದಿನ ಎಷ್ಟು ಬಿತ್ತು ಎಂಬುದನ್ನು ಅಪ್ಪ, ಅಜ್ಜ ಬರೆದಿಟ್ಟ ಡೈರಿಗಳು ಕಪಾಟಿನಲ್ಲಿ ಸಾಲಾಗಿ ಕೂತಿರುತ್ತವೆ. ಗಿಡದಿಂದ ಗಿಡಕ್ಕೆ ಎಷ್ಟಡಿ, ಬೀಜದ ತೇವ ಶೇಕಡಾ ಎಷ್ಟು, ಸಿಪ್ಪೆ ತೆಗೆದ ಮೇಲೆ ಉಳಿಯುವ ಬೀಜದ ಪ್ರಮಾಣ ಅಂದರೆ ಔಟ್‌ಟರ್ನ್ ಎಷ್ಟು, ಎಲ್ಲವೂ ನಾಲಿಗೆ ತುದಿಯಲ್ಲಿ. ಆಕಾಶದಿಂದ ಬಿದ್ದದ್ದನ್ನು ಇಂಚಿನ ನೂರನೇ ಭಾಗದವರೆಗೆ ಅಳೆಯಬಲ್ಲವನಿಗೆ ತನ್ನದೇ ಬಚ್ಚಲಿನ ಬಾಗಿಲು ಎಷ್ಟು ಇಂಚು ಎಂಬುದು ಗೊತ್ತಿಲ್ಲ. ನನ್ನ ಕುರ್ಚಿಯ ಅಗಲ 26 ಇಂಚು. ಮಲೆನಾಡಿನ ಬಚ್ಚಲ ಬಾಗಿಲು ಸಾಮಾನ್ಯವಾಗಿ 24. ಮಾರ್ಚಿನಲ್ಲಿ ಎರಡಿಂಚು ಮಳೆ ಕಮ್ಮಿಯಾದರೆ ಕಾಫಿ ಮಂಡಳಿಗೆ ಮನವಿ ಹೋಗುತ್ತದೆ. ಬಾಗಿಲು ಎರಡಿಂಚು ಕಮ್ಮಿಯಾದರೆ ಹುಡುಗ್ರು ಬರುತ್ತಾರೆ.

ಇಳಿಜಾರು ಕಟ್ಟಲು ಬರುವುದಿಲ್ಲ ಎಂದೂ ಅಲ್ಲ. ಯಾವುದೇ ತೋಟದ ಮನೆಗೆ ಹೋಗಿ ನೋಡಿ. ಜೀಪ್ ಶೆಡ್ಡಿಗೆ ಅಂದವಾದ ಸಿಮೆಂಟ್ ಇಳಿಜಾರು ಇರುತ್ತದೆ, ಮೇಲೆ ಜಾರದಂತೆ ಗೆರೆ ಬೇರೆ ಎಳೆದಿರುತ್ತಾರೆ. ಗೋದಾಮಿಗೆ ಮೂಟೆ ಗಾಡಿ ಹೋಗಲು ಇಳಿಜಾರು. ದನದ ಕೊಟ್ಟಿಗೆಗೂ ಮೆಟ್ಟಿಲಿಲ್ಲ, ಕರು ಎಡವಬಾರದಲ್ಲ. ಇನ್ನು ಕಾಫಿ ಒಣಗಿಸುವ ಕಣವಂತೂ ಈ ಜಿಲ್ಲೆಯಲ್ಲಿ ಗಾಲಿಕುರ್ಚಿ ಓಡಿಸಲು ಅತ್ಯಂತ ಪ್ರಶಸ್ತವಾದ ಜಾಗ. ಸಪಾಟು, ನುಣುಪು, ಒಂದು ಬಿರುಕಿಲ್ಲ, ನೀರು ಹರಿಯಲು ಬೇಕಾದಷ್ಟೇ ಓಟ. ಹೋಮ್‌ಸ್ಟೇಗೆ ಹೋದಾಗಲೆಲ್ಲ ನಾನು ಸ್ವತಂತ್ರವಾಗಿ ಓಡಾಡುವುದು ಕಣದಲ್ಲೇ. ಜೀಪಿಗೆ, ಮೂಟೆಗೆ, ಕರುವಿಗೆ, ಕಾಫಿ ಬೀಜಕ್ಕೆ ದೊರೆತ ಮರ್ಯಾದೆ ನನಗೆ ಯಾಕೆ ಸಿಗಲಿಲ್ಲ ಎಂದು ಯೋಚಿಸಿ ಕೊನೆಗೆ ಕಾರಣ ಹೊಳೆಯಿತು. ಅವನ್ನು ‘ನಮ್ಮ ಹುಡುಗ್ರು’ ದಿನಾ ಎತ್ತಲಾರರು.

ಇಳಿಜಾರಿನ ಲೆಕ್ಕ ಬಲು ಸುಲಭ. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಆರಿಂಚಿನ ಎರಡು ಮೆಟ್ಟಿಲು ದಾಟಲು ಹನ್ನೆರಡಡಿ ಇಳಿಜಾರು ಸಾಕು. ಸರ್ಕಾರಿ ಮಾನದಂಡವೂ ಇದೇ. ಆದರೆ ನಮ್ಮ ಸರ್ಕಾರಿ ಕಚೇರಿಗಳ ರ‍್ಯಾಂಪ್ ಕಟ್ಟುವವರು ಈ ಲೆಕ್ಕದಲ್ಲಿ ‘ಹನ್ನೆರಡು’ ಎಂಬುದನ್ನು ಎಂಜಿನಿಯರಿಗೇ ಬಿಟ್ಟುಕೊಟ್ಟು ನಾಲ್ಕಡಿಯಲ್ಲಿ ಮುಗಿಸಿರುತ್ತಾರೆ. ಅದನ್ನು ಹತ್ತಲು ಹೋದರೆ ಕುರ್ಚಿ ಮಗುಚುತ್ತದೆ, ಇಳಿಯಲು ಹೋದರೆ ಸೀದಾ ರಸ್ತೆಯಾಚೆಯ ಜೆರಾಕ್ಸ್ ಅಂಗಡಿ ಸೇರುತ್ತೇವೆ. ಹಾಗಾಗಿ ಆ ರ‍್ಯಾಂಪಿನ ಮೇಲೆ ಹೂಕುಂಡ ಇಡುತ್ತಾರೆ, ಸಾಹೇಬರ ಬೈಕು ನಿಲ್ಲಿಸುತ್ತಾರೆ. ಚುನಾವಣೆ ಬಂದಾಗ ಮಾತ್ರ ಮತಗಟ್ಟೆಗೆ ಹಲಗೆಯ ರ‍್ಯಾಂಪ್ ಬರುತ್ತದೆ, ನನ್ನ ಫೋಟೋ ತೆಗೆಯುತ್ತಾರೆ. ಮಾರನೇ ದಿನ ಹಲಗೆ ಶಾಮಿಯಾನದವನ ಗಾಡಿ ಹತ್ತಿ ಹೋಗುತ್ತದೆ, ನಾನು ಐದು ವರ್ಷ ಮನೆಯಲ್ಲಿರುತ್ತೇನೆ.

ಕಾನೂನು ಇಲ್ಲವೇ ಎಂದು ಕೇಳಬೇಡಿ. ಧಾರಾಳವಾಗಿದೆ. ಸುಗಮ್ಯ ಭಾರತ ಅಭಿಯಾನ 2015ರ ಡಿಸೆಂಬರ್ 3ರಂದು ಶುರುವಾಯಿತು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರದ್ದು ಮಾತ್ರವಲ್ಲ, ಜನ ಬಳಸುವ ಖಾಸಗಿ ಕಟ್ಟಡವೂ ಹೌದು, ವ್ಯಾಪಾರದ್ದು, ಮನರಂಜನೆಯದು, ದೇವರದ್ದು ಎಲ್ಲ ಸೇರಿತು ಎಂದು ಅದರಲ್ಲಿ ಬಿಡಿಸಿ ಹೇಳಿದೆ. ಕಾಯ್ದೆಯ ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದವು. ಇರುವ ಕಟ್ಟಡಗಳನ್ನೆಲ್ಲ ಐದು ವರ್ಷದೊಳಗೆ ಸರಿಪಡಿಸಬೇಕಿತ್ತು. ಆ ಗಡುವು 2022ರ ಜೂನ್‌ನಲ್ಲಿ ಮಳೆಗಾಲದ ಜೊತೆಗೇ ಬಂದು, ಮಂಜಿನಲ್ಲಿ ಯಾರಿಗೂ ಕಾಣದೆ ಹೊರಟುಹೋಯಿತು. ಕಾಯ್ದೆ ಮೀರಿದರೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ ದಂಡ. ವಾರಾಂತ್ಯದಲ್ಲಿ ಒಂದೆರಡು ಕೋಣೆ ಬಾಡಿಗೆಗೆ ಕೊಟ್ಟರೆ ಹುಟ್ಟುವ ದುಡ್ಡು ಅದು. ಅದನ್ನೂ ಕಟ್ಟಿಸಿಕೊಂಡವರನ್ನು ನಾನು ನೋಡಿಲ್ಲ.

ಅಮೆರಿಕದಲ್ಲಿ ಹಡಗಿನ ತೀರ್ಪು ಬಂದ ಅದೇ 2005ರಲ್ಲಿ ನಮ್ಮ ಸುಪ್ರೀಂ ಕೋರ್ಟಿಗೂ ಒಂದು ಅರ್ಜಿ ಬಿತ್ತು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಎಂಬುವರು ರಸ್ತೆ, ಕಟ್ಟಡ, ಸಾರಿಗೆ ನಮಗೂ ದಕ್ಕಬೇಕು ಎಂದು ಕೇಳಿದ್ದರು. 2017ರಲ್ಲಿ ಕೋರ್ಟು ಆದೇಶಗಳನ್ನು ಕೊಟ್ಟಿತು. ಅವು ಎಷ್ಟು ಜಾರಿಯಾದವು ಎಂದು ಆಮೇಲೆ ನೋಡಿದರೆ, ಕಾಯ್ದೆಯಲ್ಲಿ ‘ಮಾಡಲೇಬೇಕು’ ಎಂದಿದ್ದದ್ದನ್ನು ನಿಯಮ ಬರೆದವರು ‘ಮಾಡಿದರೆ ಒಳ್ಳೆಯದು’ ಎಂಬಂತೆ ಬರೆದಿಟ್ಟಿದ್ದರು. 2024ರ ನವೆಂಬರ್ 8ರಂದು ಕೋರ್ಟು ಆ 15ನೇ ನಿಯಮವನ್ನೇ ಹೊಡೆದು ಹಾಕಿ, ಕಡ್ಡಾಯದ ನಿಯಮಗಳನ್ನು ಮೂರು ತಿಂಗಳಲ್ಲಿ ಮಾಡಿ ಎಂದು ಕೇಂದ್ರಕ್ಕೆ ಹೇಳಿತು. ಹಡಗಿಗೆ ಒಂದು ತೀರ್ಪಿನಲ್ಲಿ ತಲೆಗೆ ಹೋದದ್ದು ನಮಗೆ ಹತ್ತೊಂಬತ್ತು ವರ್ಷದ ಮೇಲೂ ಹೋಗುತ್ತಲೇ ಇದೆ. ನಿಧಾನವೇ ಪ್ರಧಾನ ಎಂದು ಗಾಲಿಕುರ್ಚಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಪ್ರವಾಸಕ್ಕೆ ಬರೋಣ. ಮೂಡಿಗೆರೆಗೆ ಬಸ್ಸಿನಲ್ಲಿ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಸರ್ಕಾರಿ ಬಸ್ಸಿನಲ್ಲಿ ಅಂಗವಿಕಲರಿಗೆ ರಿಯಾಯಿತಿ ಪಾಸ್ ಇದೆ. ಇರುವ ಊರಿನಿಂದ ನೂರು ಕಿಲೋಮೀಟರ್‌ವರೆಗೆ ಮಾತ್ರ. ಅಂಗವಿಕಲನ ಆಸೆ ನೂರು ಕಿಲೋಮೀಟರಿಗೆ ಮುಗಿಯುತ್ತದೆ, ಮುಂದಿನದು ದುರಾಸೆ ಎಂಬುದು ಇಲಾಖೆಯ ತಿಳಿವಳಿಕೆ. ಬೆಂಗಳೂರಿನಿಂದ ಹೊರಟರೆ ದೇವರಮನೆ ಹಾಗಿರಲಿ, ಹಾಸನವೂ ಆ ಗೆರೆಯಾಚೆ. ಇರಲಿ, ಟಿಕೆಟ್ಟಿಗೇ ದುಡ್ಡು ಕೊಡೋಣ. ಬಸ್ಸಿನೊಳಗೆ ‘ಅಂಗವಿಕಲರಿಗೆ ಮೀಸಲು’ ಎಂದು ಸೀಟಿನ ಮೇಲೆ ಚೆಂದವಾಗಿ ಬರೆದಿದೆ. ಆ ಬರಹ ಓದಬೇಕಾದರೆ ಮಂಡಿಯೆತ್ತರದ ಮೆಟ್ಟಿಲುಗಳನ್ನು ಹತ್ತಬೇಕು. ಹತ್ತಬಲ್ಲವನಿಗೆ ಆ ಸೀಟು ಬೇಕಿಲ್ಲ, ಬೇಕಾದವನು ಹತ್ತಲಾರ. ಹಾಗಾಗಿ ಆ ಸೀಟಿನಲ್ಲಿ ಸದಾ ಯಾರದ್ದೋ ಬಾಳೆಗೊನೆ ಕೂತಿರುತ್ತದೆ.

ಹೋಗುವುದು ಹೋಗುತ್ತೇವೆ, ಹಾಗೇ ಕಳಸ, ಹೊರನಾಡು ಮುಗಿಸಿಕೊಂಡು ಬರೋಣ ಎಂದು ಅಕ್ಕ ಸೇರಿಸಿದಳು. ಕಳಸೇಶ್ವರ ಕೂತಿರುವುದು ದಿಬ್ಬದ ಮೇಲೆ, ಕಲ್ಲಿನ ಮೆಟ್ಟಿಲು. ಹೊರನಾಡಿನ ಅನ್ನಪೂರ್ಣೆಗೂ ಮೆಟ್ಟಿಲು. 1,930 ಮೀಟರಿನ ಮುಳ್ಳಯ್ಯನಗಿರಿಗಂತೂ ಕೇಳುವುದೇ ಬೇಡ. ದೇವರು ಎತ್ತರದಲ್ಲಿರುವುದು ಸರಿಯೇ, ನನ್ನ ತಕರಾರಿಲ್ಲ. ಮೆಟ್ಟಿಲು ದಾಟಿದ ಮೇಲಿನ ತಕರಾರು ಬೇರೆ. ಯಾವುದೋ ಒಂದು ಗುಡಿಯಲ್ಲಿ ಹುಡುಗ್ರು ನನ್ನನ್ನು ಮೇಲಕ್ಕೆ ಮುಟ್ಟಿಸಿದರು. ಬಾಗಿಲಲ್ಲಿ ನಿಂತವರು ಕುರ್ಚಿಯ ಚಕ್ರ ನೋಡಿ, ‘ಇದು ಒಳಗೆ ಬರುವ ಹಾಗಿಲ್ಲ, ರಸ್ತೆ ತುಳಿದದ್ದಲ್ವಾ’ ಎಂದರು. ನನ್ನ ಕಾಲು ರಸ್ತೆ ತುಳಿಯದೆ ಎಷ್ಟೋ ಕಾಲವಾಯಿತು, ಕಾಲಿನ ಲೆಕ್ಕದಲ್ಲಿ ಇಡೀ ಸಾಲಿನಲ್ಲಿ ನಾನೇ ಹೆಚ್ಚು ಮಡಿ ಎಂದೆ. ವಾದ ಗೆದ್ದೆ, ದರ್ಶನ ಬಾಗಿಲಾಚೆಯಿಂದಲೇ ಆಯಿತು. ಪಲ್ಲಕ್ಕಿಯಲ್ಲಿ ಹೊರಗೆ ಹೋಗಿ ಊರೆಲ್ಲ ಸುತ್ತಿ ಒಳಗೆ ಬರುವ ಉತ್ಸವಮೂರ್ತಿಗೆ ಮಾತ್ರ ಈ ಪ್ರಶ್ನೆ ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ದಾಟಿ ದೇವರಮನೆ ತಲುಪಿದೆವು ಎನ್ನಿ. ನ್ಯಾಯವಾಗಿ ಹೇಳಬೇಕೆಂದರೆ ಜುಲೈ ತಿಂಗಳಲ್ಲಿ ಇದು ಇಡೀ ರಾಜ್ಯದಲ್ಲೇ ಅತ್ಯಂತ ಸಮಾನತೆಯ ಜಾಗ. ಮಂಜು ಎಷ್ಟು ದಟ್ಟವೆಂದರೆ ನಡೆದು ಬಂದವನಿಗೂ ಏನೂ ಕಾಣುವುದಿಲ್ಲ, ಉರುಳಿ ಬಂದವನಿಗೂ ಏನೂ ಕಾಣುವುದಿಲ್ಲ. ಮಂಜು ಸರಿದಾಗ ಭೇದ ಶುರು. ನಡೆಯುವವರು ಹುಲ್ಲಿನ ಮೇಲೆ ಹತ್ತು ಹೆಜ್ಜೆ ಹೋಗಿ ಕಣಿವೆ ನೋಡುತ್ತಾರೆ. ಕುರ್ಚಿಯ ಚಕ್ರ ಕೆಸರಿನಲ್ಲಿ ಹೂತು ನಾನು ಕಾರಿನ ಗಾಜಿನಲ್ಲೇ ಕಣಿವೆ ನೋಡಬೇಕು. ಅದೂ ಗಾಜಿನ ಮುಂದೆ ಇನ್ನೊಂದು ಕಾರು ನಿಲ್ಲದಿದ್ದರೆ. ನಿಂತೇ ನಿಲ್ಲುತ್ತದೆ. ನಾಲ್ಕೂ ಬಾಗಿಲು ತೆರೆದು ಹಾಡು ಹಾಕುತ್ತಾರೆ, ಅಂಗಿ ಬಿಚ್ಚಿ ಕುಣಿಯುತ್ತಾರೆ. ಕುಣಿದು ಮುಗಿದ ಮೇಲೆ ಬಾಟಲಿಗಳನ್ನು ಪ್ರಕೃತಿಗೆ ಅರ್ಪಿಸಿ ಹೊರಡುತ್ತಾರೆ. ಆ ಗಾಜಿನ ಚೂರು ನನ್ನ ಟೈರಿಗೆ.

ಶೌಚಾಲಯ? ಕೇಳಬಾರದ್ದು ಕೇಳಿದಿರಿ. ಗಂಡಸರಿಗೆ ಇಡೀ ಪಶ್ಚಿಮಘಟ್ಟವೇ ಇದೆ ಎಂಬುದು ಲೋಕಾರೂಢಿ. ನನ್ನಂಥವನು, ಹೆಂಗಸರು, ಮುದುಕರು ಏನು ಮಾಡಬೇಕು? ಹಿಂದಿನ ದಿನದಿಂದಲೇ ನೀರು ಕಡಿಮೆ ಕುಡಿಯಬೇಕು. ಗಾಲಿಕುರ್ಚಿಯವರ ಪ್ರವಾಸದ ತಯಾರಿ ಎಂದರೆ ನಿಜವಾಗಿ ಇದೇ. ಬಟ್ಟೆ ಜೋಡಿಸುವುದಲ್ಲ, ಬಾಯಾರಿಕೆ ಜೋಡಿಸುವುದು.

‘ಗುಡ್ಡಗಾಡು ಕಣ್ರೀ, ಏನು ಮಾಡೋದು? ಬೆಟ್ಟ ಸಮ ಮಾಡೋಕಾಗುತ್ತಾ?’ ಎಂದು ಹಿರಿಯ ಬೆಳೆಗಾರರೊಬ್ಬರು ನನ್ನನ್ನು ಕೇಳಿದರು. ಖಂಡಿತ ಮಾಡಬಾರದು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಜಾರಿದ್ದು, ಚಾರ್ಮಾಡಿ ರಸ್ತೆ ಕುಸಿದು ಮುಚ್ಚಿದ್ದು ಯಾರೂ ಮರೆತಿಲ್ಲ. ಮಾತು ಮುಗಿಸಿ ಅವರು ತಮ್ಮ ಹೊಸ ಹೋಮ್‌ಸ್ಟೇ ತೋರಿಸಲು ಕರೆದೊಯ್ದರು. ಜೆಸಿಬಿ ತಂದು ಗುಡ್ಡದ ಒಂದು ಭುಜ ಕೊಯ್ದು ಈಜುಕೊಳ ಮಾಡಿದ್ದಾರೆ. ರೈನ್ ಡ್ಯಾನ್ಸಿಗೆ ಬೇರೆ ಅಂಗಳ. ವರ್ಷದಲ್ಲಿ ಅರ್ಧ ಕಾಲ ಆಕಾಶವೇ ತೂತಾದ ಊರಿನಲ್ಲಿ ಪೈಪಿನಿಂದ ಮಳೆ ಸುರಿಸುವ ಯಂತ್ರ! ಅದಕ್ಕೆ ಇಳಿಯಲು ಹೊಳಪಿನ ಕಲ್ಲಿನ ಮೆಟ್ಟಿಲು. ಮೆಟ್ಟಿಲ ಪಕ್ಕ ಹನ್ನೆರಡಡಿ ಇಳಿಜಾರಿಗೆ ಮಾತ್ರ ಭೂಗುಣ ಒಗ್ಗಲಿಲ್ಲ.

ಗಾಲಿಕುರ್ಚಿಯವರು ಎಷ್ಟು ಜನ ಬರ್ತಾರೆ ಸಾರ್ ಎಂಬುದು ಇನ್ನೊಂದು ಪ್ರಶ್ನೆ. ಬಾಗಿಲು ಚಿಕ್ಕದಿಟ್ಟು, ಯಾರೂ ಒಳಗೆ ಬರುತ್ತಿಲ್ಲ ಎಂದು ಲೆಕ್ಕ ತೆಗೆಯುವ ಈ ಗಣಿತ ನನಗೆ ಬಹಳ ಇಷ್ಟ. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು. ಇವರೆಲ್ಲ ಬೆಂಗಳೂರಿನಿಂದ ಬರುವ ಅತಿಥಿಗಳಲ್ಲ. ಕಾಫಿ ಸೀಮೆ ತನ್ನ ಗಾಲಿಕುರ್ಚಿಗಳನ್ನು ತಾನೇ ತಯಾರಿಸುತ್ತದೆ. ಮಳೆಗೆ ಮುಂಚೆ ಮರಗಸಿ, ಅಂದರೆ ಕೊಂಬೆ ಸವರುವ ಕೆಲಸ, ಮಾಡಲು ನೆರಳಿನ ಮರ ಹತ್ತುವವರು ಯಾರು? ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು ಕೊಯ್ಯಲು ಏಣಿ ಹತ್ತುವವರು ಯಾರು? ಕೊಂಬೆ ಮುರಿದು, ಏಣಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಮಲಗಿದ್ದಾರೆ. ಆ ಮನೆಗಳಿಗೂ ಮೆಟ್ಟಿಲಿದೆ. ಅವರ ಶೌಚಾಲಯ ಅಂಗಳದಾಚೆ, ಕೆಸರು ದಾಟಿ. ಕಳಸ ಸೀಮೆಯ ಒಳಹಳ್ಳಿಗಳಿಂದ ರೋಗಿಗಳನ್ನು ಜೋಳಿಗೆ ಕಟ್ಟಿ ಹೊತ್ತು ತರುವ ಫೋಟೋ ಮಳೆಗಾಲದಲ್ಲಿ ಪತ್ರಿಕೆಗೆ ಬರುತ್ತದೆ. ಓದಿದವರು ‘ಎಂಥ ಒಗ್ಗಟ್ಟು ನೋಡಿ ನಮ್ಮ ಜನರದ್ದು’ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ರಸ್ತೆ ಮಾಡದವರು ಎಲ್ಲರಿಗಿಂತ ಜೋರಾಗಿ ಒರೆಸಿಕೊಳ್ಳುತ್ತಾರೆ.

ನನ್ನನ್ನು ಎತ್ತುವ ‘ನಮ್ಮ ಹುಡುಗ್ರು’ ಮರ, ಏಣಿ ಹತ್ತುವ ಆ ಕೂಲಿಯವರೇ. ಬೆಳಗ್ಗೆ ಮರದ ಮೇಲೆ, ಸಂಜೆ ನನ್ನ ಕುರ್ಚಿಯ ಕೆಳಗೆ. ಒಮ್ಮೆ ಒಬ್ಬ ಹುಡುಗ ನನ್ನನ್ನು ಜಗಲಿಗೆ ಇಳಿಸಿ, ಸೊಂಟ ಹಿಡಿದುಕೊಂಡು ಆಚೆ ಹೋಗಿ ನಿಂತ. ನೋವಾಯ್ತೇನೋ ತಮ್ಮ ಎಂದರೆ ‘ಇಲ್ಲ ಅಣ್ಣ, ನೀವೇನು ಮಹಾ ಭಾರ’ ಎಂದ. ಆಮೇಲೆ ಅಡಿಗೆಮನೆ ಕಡೆಯಿಂದ ನೋವಿನೆಣ್ಣೆಯ ವಾಸನೆ ಬಂತು. ಯಜಮಾನರ ಸಂಕೋಚವನ್ನು, ಎಂಜಿನಿಯರನ ಸೋಮಾರಿತನವನ್ನು, ಪಂಚಾಯಿತಿಯ ಮರೆವನ್ನು, ಕೇಂದ್ರದ 15ನೇ ನಿಯಮವನ್ನು, ಎಲ್ಲವನ್ನೂ ಆ ದಿನಗೂಲಿ ಹುಡುಗನ ಬೆನ್ನು ಹೊರುತ್ತಿದೆ. ಹೆಸರು ಮಾತ್ರ ಮಲೆನಾಡಿನ ಆತಿಥ್ಯದ್ದು. ಅವನ ಬೆನ್ನು ಹೋದ ದಿನ ಅವನನ್ನು ಎತ್ತಲು ಯಾವ ಹುಡುಗ್ರು ಬರುತ್ತಾರೆ?

ನಮ್ಮಲ್ಲಿ ಕರುಣೆಗೆ ಬರವಿಲ್ಲ, ಅಳತೆಗೆ ಬರ. ಕರುಣೆ ಇದ್ದಷ್ಟು ದಿನವೂ ಅಳತೆ ಬೇಡವಾಗುತ್ತದೆ. ಅದಕ್ಕೇ ನಾನು ಹೋಮ್‌ಸ್ಟೇ ಯಜಮಾನರಲ್ಲಿ ಬೇಡುವುದು ಲಿಫ್ಟನ್ನಲ್ಲ, ಈಜುಕೊಳದೊಳಗೆ ಇಳಿಸುವ ಯಂತ್ರವನ್ನೂ ಅಲ್ಲ. ಮಳೆಮಾಪಕ ಓದಿ ಮುಗಿದ ಮೇಲೆ ಟೇಪು ಹಿಡಿದು ಮನೆ ಒಂದು ಸುತ್ತು ಬನ್ನಿ. ಕೋಣೆಯ ಬಾಗಿಲು ಎಷ್ಟಿಂಚು, ಬಚ್ಚಲ ಬಾಗಿಲು ಎಷ್ಟಿಂಚು, ಕಾರಿನಿಂದ ಮಂಚದವರೆಗೆ ಮೆಟ್ಟಿಲು ಎಷ್ಟು, ಒಂದೊಂದರ ಎತ್ತರ ಎಷ್ಟು. ಈ ನಾಲ್ಕು ಸಂಖ್ಯೆಗಳನ್ನು ಕ್ಯಾಂಪ್‌ಫೈರ್, ನಾಟಿ ಕೋಳಿ, ಜೀಪ್ ರೈಡ್‌ಗಳ ಪಟ್ಟಿಯ ಕೆಳಗೆ ಬರೆದು ಹಾಕಿ. ಆಗುವುದಿಲ್ಲ ಎಂದಿದ್ದರೆ ಆಗುವುದಿಲ್ಲ ಎಂದೇ ಬರೆಯಿರಿ, ಬೇಜಾರಿಲ್ಲ. ಸಂಖ್ಯೆ ಬರೆಯುವಾಗ ನಿಮಗೇ ನಾಚಿಕೆಯಾದರೆ ಜೀಪ್ ಶೆಡ್ಡಿನ ಇಳಿಜಾರು ಕಟ್ಟಿದ ಮೇಸ್ತ್ರಿ ಊರಲ್ಲೇ ಇದ್ದಾನೆ, ಕರೆಸಿ.

ಓದುಗರಲ್ಲೂ ಒಂದು ಮಾತು. ಮುಂದಿನ ಮಳೆಗಾಲದಲ್ಲಿ ದೇವರಮನೆಗೆ ಹೋಗಲು ರೂಮ್ ಬುಕ್ ಮಾಡುವಾಗ ಬಾತ್‌ರೂಮಿನ ಬಾಗಿಲು ಎಷ್ಟಗಲ ಎಂದು ಕೇಳಿ. ನಿಮ್ಮ ಮನೆಯಲ್ಲಿ ಗಾಲಿಕುರ್ಚಿ ಇಲ್ಲದಿದ್ದರೂ ಕೇಳಿ. ಬೀಟೆ ಮರದ್ದು ಎಂದು ಉತ್ತರ ಬಂದರೆ ಇನ್ನೊಮ್ಮೆ ಕೇಳಿ. ಹತ್ತು ಜನ ಕೇಳಿದ ಮೇಲೆ ಹನ್ನೊಂದನೆಯವನಿಗೆ ಇಂಚಿನಲ್ಲಿ ಉತ್ತರ ಸಿಗುತ್ತದೆ.